ಗಾಲ್ಫ್ ಮೈದಾನದಲ್ಲಿ ಮನುಷ್ಯರಿಗೆ ಹೆದರದ ಎಳೆಯ ಗಿಡುಗ: ಹಿಡಿಯಬೇಕೇ, ಬಿಡಬೇಕೇ?

ಹಸಿರುಹಾಸು (ಬೆಂಗಳೂರು)

ಹಕ್ಕಿಗಳ ವಿಷಯ ಬಲ್ಲವರು ದಯವಿಟ್ಟು ಓದಿ ಉತ್ತರಿಸಬೇಕು. ಬರುವ ಶನಿವಾರ ನಮ್ಮ ಕ್ಲಬ್ಬಿನ ಸಮಿತಿ ಸಭೆಯಿದೆ. ಅಷ್ಟರೊಳಗೆ ನನಗೆ ಗಟ್ಟಿಯಾದ ಮಾತು ಬೇಕು.

ಊರಿನ ಉತ್ತರ ಭಾಗದ ಒಂದು ಗಾಲ್ಫ್ ಮೈದಾನದಲ್ಲಿ ನಾನು ಆಡುತ್ತೇನೆ. ಜೂನ್ ಶುರುವಾದಾಗಿನಿಂದ ಅಲ್ಲಿ ಒಂದು ಎಳೆಯ ಗಿಡುಗ ಕಾಣಿಸಿಕೊಳ್ಳುತ್ತಿದೆ. ಮನುಷ್ಯರನ್ನು ಕಂಡರೆ ಕದಲುವುದೇ ಇಲ್ಲ. ಮೊನ್ನೆ ಬಂಕರಿನಲ್ಲಿ (ಆಟಕ್ಕೆ ಅಡ್ಡಿಯಾಗಿ ಮಾಡಿದ ಮರಳುಗುಂಡಿ) ಮರಳು ಎಳೆಯುವ ಕುಂಟೆಯ ಹಿಡಿಯ ಮೇಲೆ ಕುಳಿತಿತ್ತು. ನಾವು ನಾಲ್ವರು, ಆಟದ ಚೀಲ ಹೊರುವ ಕ್ಯಾಡಿಗಳ ಸಮೇತ, ಎರಡು ಮಾರು ಹತ್ತಿರಕ್ಕೆ ಹೋದರೂ ಹಾರಲಿಲ್ಲ. ಕತ್ತು ಓರೆ ಮಾಡಿ ನಮ್ಮ ಬೂಟುಗಳನ್ನು ನೋಡಿ, ಮತ್ತೆ ಹುಲ್ಲಿನ ಕಡೆ ತಿರುಗಿತು. ಒಮ್ಮೆಲೇ ಕೆಳಗೆ ನೆಗೆದು ಒಂದು ಹಸಿರು ಮಿಡತೆಯನ್ನು ಹಿಡಿಯಿತು. ಅದನ್ನು ಒಂದು ಕಾಲಿನ ಮುಷ್ಟಿಯಲ್ಲಿಟ್ಟುಕೊಂಡು, ಇನ್ನೊಂದು ಕಾಲಿನಲ್ಲಿ ನಿಂತು, ಮೊದಲು ತಲೆ ಕಿತ್ತಿತು. ಆಮೇಲೆ ಉದ್ದನೆಯ ಹಿಂಗಾಲುಗಳನ್ನು ಕೊಕ್ಕಿನಿಂದ ಬಿಡಿಸಿ ಬೀಳಿಸಿ, ಉಳಿದದ್ದನ್ನು ನುಂಗಿತು. ಇಷ್ಟೂ ಹೊತ್ತು ನಮ್ಮ ಮಾತು ನಿಂತಿರಲಿಲ್ಲ. ಅದಕ್ಕೆ ಯಾವ ಲೆಕ್ಕವೂ ಇರಲಿಲ್ಲ.

ನೋಡಲು ಪಾರಿವಾಳದ ಗಾತ್ರ. ಬೆನ್ನು ಕಂದು, ಎದೆ ಬಿಳಿ, ಎದೆಯ ಮೇಲೆ ನೀರಿನ ಹನಿ ಇಳಿದಂತೆ ಕಂದು ಗುರುತುಗಳು. ಗಂಟಲಿನ ನಡುವೆ ಒಂದು ಕಪ್ಪು ಗೆರೆ. ಕಣ್ಣು ತಿಳಿ ಹಳದಿ. ಕಾಲಿನಲ್ಲಿ ದಾರವಾಗಲಿ ಉಂಗುರವಾಗಲಿ ಇಲ್ಲ. ಹಾರಾಟ ಚೆನ್ನಾಗಿಯೇ ಇದೆ.

ಈಗ ಸದಸ್ಯರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಯಾರೋ ಸಾಕಿ ಬಿಟ್ಟದ್ದು ಎಂದು ಒಬ್ಬರು. ಕಾಯಿಲೆ ಬಿದ್ದಿದೆ ಎಂದು ಇನ್ನೊಬ್ಬರು. ಹಿಡಿದು ಬನ್ನೇರುಘಟ್ಟದ ಕಾಡಿಗೆ ಬಿಟ್ಟರೆ ಪುಣ್ಯ ಬರುತ್ತದೆ ಎಂದು ಮತ್ತೊಬ್ಬರು. ಕ್ಯಾಂಟೀನಿನಿಂದ ಕೋಳಿ ಮಾಂಸದ ಚೂರು ತಂದು ಎಸೆಯುವವರೂ ಇದ್ದಾರೆ. ಭಾನುವಾರ ಒಬ್ಬರು ಗ್ಲೌಸ್ ಹಾಕಿದ ಕೈಯನ್ನು ಚಾಚಿ, ಅದು ಬಂದು ಕೂರಲಿ ಎಂದು ಬಹಳ ಹೊತ್ತು ನಿಂತಿದ್ದರು, ಪಕ್ಕದಲ್ಲಿ ಮೊಬೈಲ್ ಹಿಡಿದ ಗೆಳೆಯರು. ಅದನ್ನು ಅದರ ಪಾಡಿಗೆ ಬಿಡಬೇಕು ಎಂಬುದು ನನ್ನ ಮನಸ್ಸಿನ ಮಾತು. ಆದರೆ ‘ಏಕೆ’ ಎಂದು ಕೇಳಿದರೆ ಹೇಳಲು ಕಾರಣಗಳು ಬೇಕು.

ಹೊಂಗೆನೆರಳು (ಮೈಸೂರು)

ನಿಮ್ಮ ವಿವರಣೆ ಫೋಟೋಗಿಂತ ಚೆನ್ನಾಗಿದೆ. ಅದು ಶಿಕ್ರಾ, ಈ ವರ್ಷ ಹುಟ್ಟಿದ ಮರಿ. ದೊಡ್ಡದಾದ ಮೇಲೆ ಬೆನ್ನು ಬೂದು ಬಣ್ಣಕ್ಕೆ ತಿರುಗುತ್ತದೆ, ಎದೆಯ ಮೇಲಿನ ಹನಿಗಳು ಹೋಗಿ ಸಣ್ಣ ಸಣ್ಣ ಅಡ್ಡ ಗೆರೆಗಳು ಬರುತ್ತವೆ. ಗಂಡಾದರೆ ಕಣ್ಣು ಕೆಂಪಾಗುತ್ತದೆ.

ಹಳ್ಳಿ, ತೋಪು, ನಗರದ ಉದ್ಯಾನ ಎಲ್ಲೆಲ್ಲೂ ಇರುವ ಹಕ್ಕಿ ಇದು. ಹಾಗಾಗಿ ಬನ್ನೇರುಘಟ್ಟಕ್ಕೆ ಒಯ್ಯುವ ಮಾತನ್ನು ಮೊದಲು ಬಿಡಿ. ನಿಮ್ಮ ಮೈದಾನದ ಮರಗಳೇ ಅದರ ಮನೆ. ನಮ್ಮ ಕಡೆ ಬೇಸಿಗೆಯಲ್ಲಿ ಮರದ ಕವಲಿನಲ್ಲಿ ಕಾಗೆ ಗೂಡಿನಂತಹ ಕಡ್ಡಿ ಗೂಡು ಕಟ್ಟುತ್ತವೆ. ಸುಮಾರು ಮೂರು ವಾರ ಕಾವು, ಆಮೇಲೆ ಮರಿ ಗೂಡು ಬಿಡಲು ಹೆಚ್ಚುಕಡಿಮೆ ಒಂದು ತಿಂಗಳು. ಗೂಡು ಬಿಟ್ಟ ಮಾತ್ರಕ್ಕೆ ತಾಯಿತಂದೆಯರ ಆರೈಕೆ ಮುಗಿಯುವುದಿಲ್ಲ. ಇನ್ನೂ ಕೆಲವು ವಾರ ಅವು ಆಹಾರ ತಂದು ಕೊಡುತ್ತವೆ, ಮರಿ ನಡುನಡುವೆ ತಾನೇ ಮಿಡತೆ, ಏರೋಪ್ಲೇನ್ ಚಿಟ್ಟೆ, ಓತಿಕೇತಗಳನ್ನು ಹಿಡಿದು ಕೈ ಪಳಗಿಸಿಕೊಳ್ಳುತ್ತದೆ. ನೀವು ನೋಡಿದ್ದು ಆ ಹಂತವನ್ನೇ. ಇಂತಹ ಹೊತ್ತಿನಲ್ಲಿ ಅದನ್ನು ಹಿಡಿದು ಬೇರೆಡೆ ಬಿಟ್ಟರೆ, ಬೇಟೆ ಕಲಿಯದ ಮರಿಯನ್ನು ಇನ್ನೊಂದು ಜೋಡಿ ಗಿಡುಗಗಳ ಗಡಿಯೊಳಗೆ ದೂಡಿದ ಹಾಗಾಗುತ್ತದೆ. ಅವು ಅಟ್ಟಿಸಿಕೊಂಡು ಹೋಗದೆ ಬಿಡುವುದಿಲ್ಲ.

ಹೆದರದೆ ಇರುವುದು ಕಾಯಿಲೆಯ ಲಕ್ಷಣವಲ್ಲ. ಹೆದರಿಕೆಯಲ್ಲಿ ಬಹುಪಾಲು ಕಲಿತು ಬರುವಂಥದ್ದು. ಈ ಮರಿಗೆ ಮನುಷ್ಯರಿಂದ ಇದುವರೆಗೆ ಕೇಡಾಗಿಲ್ಲ, ಅಷ್ಟೇ. ಅದಕ್ಕೆ ನಿಮ್ಮ ಮೇಲೆ ಪ್ರೀತಿಯೂ ಇಲ್ಲ. ನೀವು ಹಸುವಿನ ಹಾಗೆ ನಡೆದಾಡುವ ಒಂದು ದೊಡ್ಡ ಪ್ರಾಣಿ, ಅದು ತಿನ್ನಲು ಆಗದ್ದು, ಅದನ್ನು ತಿನ್ನಲು ಬಾರದ್ದು.

ಕುಂಟೆ ಹಿಡಿದವನು (ಬೆಂಗಳೂರು ಗ್ರಾಮಾಂತರ)

ಸರ್, ನಾನು ಇನ್ನೊಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಆಡುವವರು ಬರುವ ಮೊದಲೇ, ಇನ್ನೂ ಮಬ್ಬುಗತ್ತಲಿರುವಾಗ ನಾವು ಯಂತ್ರ ಹೊರಗೆ ತೆಗೆಯುತ್ತೇವೆ. ಹೊಂಗೆನೆರಳು ಅವರು ಹೇಳಿದ್ದು ಸರಿ. ಮೈದಾನ ಏಕೆ ಅದಕ್ಕೆ ಇಷ್ಟ ಎಂಬುದನ್ನು ನಾನು ಸೇರಿಸುತ್ತೇನೆ.

ಹುಲ್ಲು ಕತ್ತರಿಸುವ ಯಂತ್ರ ಫೇರ್‌ವೇ (ಗಿಡ್ಡ ಹುಲ್ಲಿನ ಆಟದ ಹಾದಿ) ಅಂಚಿಗೆ ಬಂದಾಗ ಉದ್ದ ಹುಲ್ಲಿನಲ್ಲಿದ್ದ ಮಿಡತೆಗಳೆಲ್ಲ ಎದ್ದು ಹಾರುತ್ತವೆ. ಬೆಳ್ಳಕ್ಕಿ, ಗೊರವಂಕ, ಕಾಜಾಣ ಎಲ್ಲವೂ ಯಂತ್ರದ ಹಿಂದೆಯೇ ಬರುತ್ತವೆ. ಗಿಡುಗದ ಮರಿಯೂ ಬರುತ್ತದೆ. ಸ್ಪ್ರಿಂಕ್ಲರ್ ನಿಂತ ಮೇಲೆ ಒದ್ದೆ ನೆಲಕ್ಕೆ ಹುಳುಗಳು ಮೇಲೆ ಬರುತ್ತವೆ, ಅವನ್ನು ತಿನ್ನಲು ಓತಿಕೇತ ಬರುತ್ತದೆ, ಓತಿಕೇತ ಬಂದಲ್ಲಿಗೆ ಗಿಡುಗ. ಗಿಡ್ಡ ಹುಲ್ಲಿನಲ್ಲಿ ಅಡಗಲು ಜಾಗವಿಲ್ಲ. ಕಲಿಯುವ ಮರಿಗೆ ಇದಕ್ಕಿಂತ ಸುಲಭದ ಜಾಗ ಎಲ್ಲಿದೆ?

ನಮ್ಮಲ್ಲಿ ಪಂಪ್‌ಹೌಸ್ ಪಕ್ಕದ ಮಳೆಮರದಲ್ಲಿ ಗೂಡಿದೆ. ಕೆಳಗೆ ದಿನವಿಡೀ ಮೋಟಾರು, ಟ್ರ್ಯಾಕ್ಟರು, ನಮ್ಮ ಮಾತುಕತೆ. ಆ ಮರಿಗಳು ಕಣ್ಣು ಬಿಟ್ಟಾಗಿನಿಂದ ನೋಡಿರುವುದು ನಮ್ಮನ್ನೇ. ಹೆದರು ಎಂದರೆ ಎಲ್ಲಿಂದ ಹೆದರಬೇಕು? ಬೆಳಿಗ್ಗೆ ‘ಟಿಟೂ ಟಿಟೂ’ ಎಂಬ ಕೂಗು ಕೇಳಿದರೆ ದೊಡ್ಡ ಹಕ್ಕಿ ಹತ್ತಿರದಲ್ಲಿದೆ ಎಂದು ತಿಳಿಯಿರಿ. ನಿಮ್ಮ ಮೈದಾನದಲ್ಲೂ ಕಿವಿಗೊಟ್ಟು ನೋಡಿ, ತಾಯಿ ಎಲ್ಲೋ ಇದ್ದೇ ಇರುತ್ತದೆ.

ಒಂದು ವಿಷಯ ಸಮಿತಿಯಲ್ಲಿ ತಪ್ಪದೆ ಕೇಳಿ. ಹೆಗ್ಗಣಕ್ಕೆ ಏನು ಹಾಕುತ್ತಿದ್ದಾರೆ? ಹೆಗ್ಗಣ ಗ್ರೀನ್ (ಚೆಂಡು ಬೀಳಿಸುವ ಕುಳಿಯ ಸುತ್ತಲಿನ ನಯವಾದ ಹುಲ್ಲುಹಾಸು) ತೋಡಿದರೆ ನಮ್ಮ ಮೇಲೆ ಬೈಗುಳ ಬರುತ್ತದೆ, ಆದ್ದರಿಂದ ಬಹಳ ಕಡೆ ಬಿಲದ ಬಾಯಿಗೆ ನೀಲಿ ಬಣ್ಣದ ವಿಷದ ಬಿಲ್ಲೆ ಇಡುತ್ತಾರೆ. ಆಟದ ಚೆಂಡಿಗಿಂತ ಗಿಡುಗಕ್ಕೆ ಅದೇ ದೊಡ್ಡ ಗಂಡಾಂತರ.

ಪಶುವೈದ್ಯೆ (ತುಮಕೂರು)

ಮೇಲಿನವರು ಹೇಳಿದ ವಿಷದ ಬಿಲ್ಲೆ ಸಾಮಾನ್ಯವಾಗಿ ಬ್ರೊಮಾಡಿಯೊಲೋನ್. ಇದು ತಿಂದ ಕೂಡಲೇ ಕೊಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ದೇಹದಲ್ಲಿ ಮರುಬಳಕೆಯಾಗುವುದನ್ನು ತಡೆಯುತ್ತದೆ. ಇಲಿ ಕೆಲವು ದಿನ ಬದುಕಿರುತ್ತದೆ, ಒಳಗೊಳಗೇ ರಕ್ತ ಸೋರುತ್ತಾ ಮಂಕಾಗುತ್ತದೆ, ಬಿಲ ಬಿಟ್ಟು ಹಗಲಿನಲ್ಲಿ ತೆವಳುತ್ತದೆ. ಬೇಟೆ ಕಲಿಯುತ್ತಿರುವ ಮರಿಯ ಕಣ್ಣಿಗೆ ಮೊದಲು ಬೀಳುವುದು ಇಂತಹ ಇಲಿಯೇ. ದೊಡ್ಡ ಹೆಗ್ಗಣ ಶಿಕ್ರಾದ ಅಳತೆಗೆ ಮೀರಿದ್ದು ನಿಜ, ಆದರೆ ಇಲಿ, ಸುಂಡಿಲಿ, ಹೆಗ್ಗಣದ ಮರಿ ಅದರ ಅಳತೆಯವೇ. ವಿಷ ಯಕೃತ್ತಿನಲ್ಲಿ ಬಹುಕಾಲ ಉಳಿಯುವುದರಿಂದ ಸ್ವಲ್ಪ ಸ್ವಲ್ಪವಾಗಿ ಸೇರಿದರೂ ಅಪಾಯ. ಗೂಬೆಗಳಿಗಂತೂ ಇನ್ನೂ ಹೆಚ್ಚು, ಅವುಗಳ ಊಟವೇ ಇಲಿ.

ಇನ್ನು, ಹಕ್ಕಿಗೆ ನಿಜವಾಗಿ ಏನಾದರೂ ಆಗಿದೆಯೇ ಎಂದು ದೂರದಿಂದಲೇ ತಿಳಿಯಬಹುದು. ಒಂದು ರೆಕ್ಕೆ ಇನ್ನೊಂದಕ್ಕಿಂತ ಕೆಳಗೆ ಜೋತಿದೆಯೇ? ಹಗಲಿನಲ್ಲಿ ಗರಿ ಉಬ್ಬಿಸಿಕೊಂಡು ಕಣ್ಣು ಅರ್ಧ ಮುಚ್ಚಿ ಕುಳಿತಿದೆಯೇ? ಮೈಮೇಲೆ ನೊಣ, ಇರುವೆ ಮುತ್ತಿವೆಯೇ? ಕತ್ತು ಒಂದೇ ಕಡೆಗೆ ತಿರುಚಿದೆಯೇ? ಕಾಗೆಗಳು ಕುಕ್ಕಿದರೂ ಎದ್ದು ಹಾರುತ್ತಿಲ್ಲವೇ? ಇವುಗಳಲ್ಲಿ ಒಂದು ಕಂಡರೂ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬೆಂಗಳೂರಿನವರಿಗೆ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇದೆ. ಅವರು ಬರುವವರೆಗೆ ಹಕ್ಕಿಯ ಮೇಲೆ ಒಂದು ಟವೆಲ್ ಹಾಕಿ, ರೆಕ್ಕೆ ಮಡಚಿದಂತೆಯೇ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕತ್ತಲಿನಲ್ಲಿ, ಸದ್ದಿಲ್ಲದ ಕಡೆ ಇಡಿ. ಕೊಕ್ಕಿಗಿಂತ ಉಗುರಿನ ಬಗ್ಗೆ ಎಚ್ಚರ. ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಇಳಿದು ಸಾಯುತ್ತದೆ. ಹಸಿರುಹಾಸು ಅವರು ಹೇಳುವ ಮರಿಗೆ ಇದ್ಯಾವುದೂ ಬೇಕಿಲ್ಲ. ಮಿಡತೆಯ ಕಾಲು ಕಿತ್ತು ತಿನ್ನುವಷ್ಟು ಚುರುಕಿದೆ.

ಅನ್ನದಾನಿ (ದಾವಣಗೆರೆ)

ಎಲ್ಲರೂ ತಿಳಿದವರು, ನನ್ನ ಮಾತು ತಪ್ಪಾಗಿ ಕಾಣಬಾರದು. ಆದರೂ ಕೇಳುತ್ತೇನೆ. ಒಂದು ಎಳೆಯ ಜೀವ ಹತ್ತಿರ ಬಂದು ಕುಳಿತಿದೆ. ಎರಡು ಚೂರು ಮಾಂಸ ಹಾಕಿದರೆ ಏನು ಕೆಡುತ್ತದೆ? ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಕಾಗೆಗೆ ಅನ್ನ ಇಡುತ್ತಾರೆ, ಬೇಸಿಗೆಯಲ್ಲಿ ಮಾಡಿನ ಮೇಲೆ ನೀರಿನ ಬಟ್ಟಲು ಇಡುತ್ತಾರೆ. ಗಿಡುಗದ ಮರಿಗಳು ಮೊದಲ ವರ್ಷದಲ್ಲೇ ಬಹಳಷ್ಟು ಸಾಯುತ್ತವೆ ಎಂದು ಓದಿದ್ದೇನೆ. ಸಾಯುವುದನ್ನು ನೋಡುತ್ತಾ ನಿಲ್ಲುವುದು ಯಾವ ಧರ್ಮ?

ಹೊಂಗೆನೆರಳು (ಮೈಸೂರು)

ಅನ್ನದಾನಿ ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಮೊದಲ ಚಳಿಗಾಲ ದಾಟುವ ಮರಿಗಳು ಕಡಿಮೆ ಎಂಬುದೂ ನಿಜ. ಹಸಿವಿನಿಂದ ಸಾಯುತ್ತವೆ, ಗಾಜಿಗೆ ಡಿಕ್ಕಿ ಹೊಡೆದು ಸಾಯುತ್ತವೆ, ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ಸಾಯುತ್ತವೆ. ಅದಕ್ಕಾಗಿಯೇ ಈ ಕೆಲವು ವಾರಗಳು ಅಷ್ಟು ಅಮೂಲ್ಯ. ತಪ್ಪಿದ ಪ್ರತಿಯೊಂದು ಎರಗಾಟವೂ ಅದಕ್ಕೆ ಪಾಠ. ಎಷ್ಟು ಎತ್ತರದಿಂದ ಇಳಿಯಬೇಕು, ಓತಿಕೇತ ಯಾವ ಕಡೆ ತಿರುಗುತ್ತದೆ, ಅಳಿಲಿನ ಹಲ್ಲು ಎಲ್ಲಿರುತ್ತದೆ, ಇವೆಲ್ಲ ಮೈಗೆ ಹತ್ತಬೇಕು. ಎಸೆದ ಮಾಂಸ ಹೊಟ್ಟೆ ತುಂಬಿಸುತ್ತದೆ, ಪಾಠ ತಪ್ಪಿಸುತ್ತದೆ.

ನನಗೆ ಹೆಚ್ಚು ಆತಂಕ ಇರುವುದು ಇನ್ನೊಂದು ಕಾರಣಕ್ಕೆ. ಕಾಗೆಗೆ ಊರಿನಲ್ಲಿ ಬಾಳಿದ ಅನುಭವವಿದೆ, ಕಲ್ಲು ಎತ್ತಲು ಬಗ್ಗಿದವನನ್ನು ಅದು ಕಣ್ಣಂಚಿನಲ್ಲೇ ಗುರುತಿಸುತ್ತದೆ. ಈ ಮರಿಗೆ ಆ ಬುದ್ಧಿ ಇಲ್ಲ. ಮನುಷ್ಯನ ಕೈಯಿಂದ ಮಾಂಸ ಬರುತ್ತದೆ ಎಂದು ಕಲಿತರೆ, ನಾಳೆ ಮೈದಾನದ ಬೇಲಿಯಾಚೆ ಕೋಳಿ ಸಾಕಿದವರ ಅಂಗಳಕ್ಕೂ ಹಾಗೆಯೇ ಹೋಗಿ ಕೂರುತ್ತದೆ. ಅವರ ಕೈಯಲ್ಲಿ ಕೋಲಿರುತ್ತದೆ. ನೀವು ಉಣಿಸಿದ ಪ್ರೀತಿಗೆ ಅದು ಅಲ್ಲಿ ಬೆಲೆ ತೆರುತ್ತದೆ.

ನೀರಿನ ಬಟ್ಟಲು ಇಡುವುದಕ್ಕೆ ನನ್ನ ಅಡ್ಡಿಯಿಲ್ಲ. ನೀರಿಗೂ ನಿಮ್ಮ ಕೈಗೂ ಅದು ಸಂಬಂಧ ಕಟ್ಟುವುದಿಲ್ಲ.

ಪಶುವೈದ್ಯೆ (ತುಮಕೂರು)

ಒಂದು ಮಾತು ಸೇರಿಸುತ್ತೇನೆ. ಮೂಳೆ, ಗರಿ, ಚರ್ಮ ತೆಗೆದ ಬರಿಯ ಮಾಂಸ ಬೆಳೆಯುವ ಗಿಡುಗಕ್ಕೆ ಆಹಾರವೇ ಅಲ್ಲ. ಇಡೀ ಪ್ರಾಣಿಯನ್ನು ತಿಂದಾಗಲೇ ಅದಕ್ಕೆ ಸುಣ್ಣದಂಶ ಸಿಗುತ್ತದೆ. ಬರಿಯ ಮಾಂಸದ ಮೇಲೆ ಬೆಳೆಸಿದ ಮರಿಗಳ ಕಾಲಿನ ಮೂಳೆ ಬಾಗಿರುವುದನ್ನು ನನ್ನ ಮೇಜಿನ ಮೇಲೆ ನೋಡಿದ್ದೇನೆ. ಕ್ಯಾಂಟೀನಿನ ಕೋಳಿಯಲ್ಲಿ ಉಪ್ಪು, ಮಸಾಲೆ ಬೇರೆ.

ದೂರದ ತೀರ (ನ್ಯೂಜೆರ್ಸಿ)

ಇಲ್ಲಿ ಕುಳಿತು ಈ ಚರ್ಚೆ ಓದುತ್ತಿದ್ದರೆ, ನಾವು ಪ್ರತಿ ಬೇಸಿಗೆಯಲ್ಲಿ ಕೇಳುವ ಮಾತುಗಳೇ ಎನಿಸುತ್ತದೆ. ಇಲ್ಲಿ ಶಿಕ್ರಾ ಬದಲಿಗೆ ಕೆಂಪು ಬಾಲದ ದೊಡ್ಡ ಗಿಡುಗ. ಮರಿಯ ಬಾಲ ಕಂದು, ಪಟ್ಟೆ ಪಟ್ಟೆ, ಕೆಂಪಾಗುವುದು ಎರಡನೆಯ ವರ್ಷದಲ್ಲಿ. ಗಾಲ್ಫ್ ಗಾಡಿಯ ಮೇಲೆಯೇ ಬಂದು ಕೂರುವ ಮರಿಗಳನ್ನು ನಾನೇ ನೋಡಿದ್ದೇನೆ.

ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದ ಒಂದು ಕಟ್ಟಡದ ಮೇಲೆ 1990ರ ದಶಕದಲ್ಲಿ ಇಂತಹ ಒಂದು ಗಿಡುಗ ಗೂಡು ಕಟ್ಟಿತು. ಜನ ಅದನ್ನು ‘ಪೇಲ್ ಮೇಲ್’ ಎಂದು ಕರೆದರು. 2004ರ ಡಿಸೆಂಬರಿನಲ್ಲಿ ಕಟ್ಟಡದವರು ಗೂಡು ಕಿತ್ತಾಗ ಬೀದಿಯಲ್ಲಿ ಪ್ರತಿಭಟನೆ ನಡೆದು, ಅದೇ ತಿಂಗಳಲ್ಲಿ ಗೂಡಿನ ಆಸರೆಯನ್ನು ಮರಳಿ ಹಾಕಿಸಬೇಕಾಯಿತು. ನಗರದ ಜನಕ್ಕೆ ಹಕ್ಕಿಯ ಮೇಲೆ ಎಷ್ಟು ಅಕ್ಕರೆ ಹುಟ್ಟಬಹುದು ಎಂಬುದಕ್ಕೆ ಇದನ್ನು ಹೇಳಿದೆ.

ಅಕ್ಕರೆ ಸಾಲದು ಎಂಬುದಕ್ಕೂ ಅದೇ ಊರಿನ ಉದಾಹರಣೆಯಿದೆ. 2023ರ ಫೆಬ್ರುವರಿಯಲ್ಲಿ ಸೆಂಟ್ರಲ್ ಪಾರ್ಕಿನ ಮೃಗಾಲಯದಿಂದ ಫ್ಲಾಕೊ ಎಂಬ ದೊಡ್ಡ ಗೂಬೆ ಹೊರಬಿತ್ತು. ಯಾರೋ ಕಿಡಿಗೇಡಿಗಳು ಪಂಜರದ ಜಾಲರಿ ಕತ್ತರಿಸಿದ್ದರು. ಒಂದು ವರ್ಷ ನಗರದ ಇಲಿ, ಪಾರಿವಾಳ ತಿಂದು ಬದುಕಿ, ಎಲ್ಲರ ಕಣ್ಮಣಿಯಾಗಿ, 2024ರ ಫೆಬ್ರುವರಿಯಲ್ಲಿ ಸತ್ತಿತು. ಮರಣೋತ್ತರ ಪರೀಕ್ಷೆಯಲ್ಲಿ ಪಾರಿವಾಳದಿಂದ ಬಂದ ವೈರಸ್ ಸೋಂಕಿನ ಜೊತೆಗೆ ನಾಲ್ಕು ಬಗೆಯ ಇಲಿ ವಿಷ ಸಿಕ್ಕಿತು. ತುಮಕೂರಿನ ಮೇಡಂ ಹೇಳಿದ ಬಗೆಯ ವಿಷಗಳೇ. ನಿಮ್ಮ ಸಮಿತಿಯವರಿಗೆ ಇದನ್ನು ಖಂಡಿತ ಹೇಳಿ.

ಇನ್ನೊಂದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ಗಾಲ್ಫ್ ಆಡುವವರು ತಿಳಿದಿರಬೇಕು. 2007ರ ಡಿಸೆಂಬರಿನಲ್ಲಿ ಫ್ಲೋರಿಡಾದ ಒರ್ಲಾಂಡೊದಲ್ಲಿ ಒಬ್ಬ ವೃತ್ತಿಪರ ಆಟಗಾರನ ಪಾಠದ ಚಿತ್ರೀಕರಣ ನಡೆದಿತ್ತು. ಒಂದು ಗಿಡುಗ ಕೂಗಿ ಚಿತ್ರೀಕರಣಕ್ಕೆ ತೊಂದರೆಯಾಯಿತೆಂದು ಆತ ಅದರತ್ತ ಚೆಂಡುಗಳನ್ನು ಹೊಡೆಯುತ್ತಾ ಹೋದ. ಒಂದು ಚೆಂಡು ತಗುಲಿ ಹಕ್ಕಿ ಸತ್ತಿತು. ಆತನ ಮೇಲೆ ಪ್ರಾಣಿಹಿಂಸೆಯ ಮೊಕದ್ದಮೆ ಹೂಡಲಾಯಿತು. ಮನುಷ್ಯರ ಹತ್ತಿರ ಕೂರುವ ಹಕ್ಕಿಗೆ ನೂರು ಜನ ಒಳ್ಳೆಯವರಿದ್ದೂ ಒಬ್ಬ ಸಾಕು. ಇಲ್ಲಿ 1918ರ ವಲಸೆ ಹಕ್ಕಿ ಕಾಯ್ದೆಯ ರಕ್ಷಣೆಗೆ ಗಿಡುಗಗಳು ಒಳಪಟ್ಟದ್ದು 1972ರಲ್ಲಿ. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ.

ಹಳೆಯ ಓಲೆ (ಧಾರವಾಡ)

ಗ್ಲೌಸ್ ಚಾಚಿ ನಿಂತವರ ಬಗ್ಗೆ ಓದಿದಾಗ ಹೇಳಬೇಕೆನಿಸಿತು. ಗಿಡುಗವನ್ನು ಕೈಮೇಲೆ ಕೂರಿಸುವ ಆಸೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಶ್ಯೇನವಿನೋದವೂ, ಅಂದರೆ ಗಿಡುಗ ಬಿಟ್ಟು ಆಡುವ ಬೇಟೆಯೂ, ಬರುತ್ತದೆ. ಬೇಟೆಗೆ ಪಳಗಿಸುತ್ತಿದ್ದ ಹಕ್ಕಿಗಳಲ್ಲಿ ಶಿಕ್ರಾ ಬೇಗ ಕೈಗೆ ಹತ್ತುವುದೆಂದು ಹೆಸರಾಗಿತ್ತು. ಆ ವಿದ್ಯೆಗೆ ಅದರದೇ ಶಿಸ್ತಿತ್ತು. ಇಂದು ಅದು ಅಪರಾಧ. 1972ರ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆ ಒಡ್ಡುವುದು, ಆಮಿಷ ಒಡ್ಡಿ ಸೆಳೆಯುವುದು, ಗೂಡು ಕದಡುವುದು, ಇವುಗಳ ಪ್ರಯತ್ನವೂ ಬೇಟೆಯೆಂದೇ ಲೆಕ್ಕ. ‘ಪುಣ್ಯಕ್ಕೆ ಹಿಡಿದು ಕಾಡಿಗೆ ಬಿಡೋಣ’ ಎಂದವರಿಗೆ ಈ ಒಂದು ಸಾಲು ಸಾಕಾಗಬಹುದು.

ನಿಯಮ ಪುಸ್ತಕ (ಮಡಿಕೇರಿ)

ನಾನು ಕ್ಲಬ್ ಮಟ್ಟದ ಪಂದ್ಯಗಳಿಗೆ ರೆಫರಿ. ಸಮಿತಿಗೆ ಭಾವನೆಯ ಮಾತಿಗಿಂತ ನಿಯಮದ ಮಾತು ಬೇಗ ಹಿಡಿಸುತ್ತದೆ. ಆದ್ದರಿಂದ ಇದನ್ನು ಬರೆದುಕೊಳ್ಳಿ.

ಹೊಡೆದ ಚೆಂಡು ಆಕಸ್ಮಿಕವಾಗಿ ಪ್ರಾಣಿಗೆ ತಗುಲಿದರೆ ಆಟಗಾರನಿಗೆ ದಂಡವಿಲ್ಲ. ನಿಂತ ಚೆಂಡನ್ನು ಹಕ್ಕಿ ಸರಿಸಿದರೂ ದಂಡವಿಲ್ಲ, ಮೊದಲಿದ್ದ ಜಾಗದಲ್ಲೇ ಮರಳಿ ಇಡಬೇಕು. ಹಾಗಾಗಿ ‘ಹಕ್ಕಿಯಿಂದ ನನ್ನ ಅಂಕ ಕೆಡುತ್ತದೆ’ ಎಂದು ಯಾರೂ ಓಡಿಸಬೇಕಾಗಿಲ್ಲ. ಇದಕ್ಕಿಂತ ಮುಖ್ಯವಾದದ್ದು 2.4ನೆಯ ನಿಯಮ. ಮೈದಾನದ ಒಂದು ಭಾಗವನ್ನು ಆಟ ನಿಷೇಧಿತ ವಲಯ ಎಂದು ಸಮಿತಿ ಗುರುತಿಸಬಹುದು. ವನ್ಯಜೀವಿಗಳ ರಕ್ಷಣೆ ಅದಕ್ಕೆ ಒಪ್ಪಿತವಾದ ಕಾರಣಗಳಲ್ಲಿ ಒಂದು. ಚೆಂಡು ಆ ವಲಯಕ್ಕೆ ಬಿದ್ದರೆ ಅಲ್ಲಿಂದ ಹೊಡೆಯುವಂತಿಲ್ಲ, ಹೊರಗೆ ತಂದು ಆಡಬೇಕು. ಗೂಡಿನ ಮರದ ಬುಡದ ಸುತ್ತ ನಾಲ್ಕು ಗೂಟ ನೆಟ್ಟು ಗುರುತು ಮಾಡಿದರೆ ಮುಗಿಯಿತು. ಪಂದ್ಯಗಳೂ ನಡೆಯುತ್ತವೆ, ಹಕ್ಕಿಗೂ ಬಿಡುವು ಸಿಗುತ್ತದೆ.

ಹಸಿರುಹಾಸು (ಬೆಂಗಳೂರು)

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಸಭೆ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಹಿಡಿಯುವ ಮಾತು ಬಿದ್ದುಹೋಯಿತು. ಕಾಯ್ದೆಯ ಸಾಲು ಓದಿದ ಮೇಲೆ ಯಾರೂ ಅದನ್ನು ಮತ್ತೆ ಎತ್ತಲಿಲ್ಲ. ಮಾಂಸ ಎಸೆಯಬಾರದೆಂದು ಕ್ಯಾಂಟೀನಿನಲ್ಲೂ ಕ್ಯಾಡಿಗಳ ಕೋಣೆಯಲ್ಲೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಚೀಟಿ ಅಂಟಿಸುತ್ತಾರೆ. ಗೂಡು ಎಲ್ಲಿದೆ ಎಂದು ನಮ್ಮ ಹಿರಿಯ ಕ್ಯಾಡಿಯೊಬ್ಬರನ್ನು ಕೇಳಿದೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು, ಕೇಳಿದವರೇ ಇರಲಿಲ್ಲ. ಸಿಲ್ವರ್ ಓಕ್ ಸಾಲಿನ ಕೊನೆಯ ಮರ. ಅದರ ಸುತ್ತ ಗೂಟ ನೆಡಲು ಒಪ್ಪಿದ್ದಾರೆ.

ವಿಷದ ವಿಷಯದಲ್ಲಿ ಮಾತ್ರ ಪೂರ್ತಿ ಗೆಲ್ಲಲಾಗಲಿಲ್ಲ. ಮರಗಳ ಸಾಲಿನ ಪಕ್ಕ ಇಡುವುದಿಲ್ಲವಂತೆ, ಉಳಿದ ಕಡೆ ‘ಬೇರೆ ದಾರಿ ಇದ್ದರೆ ತೋರಿಸಿ’ ಎಂದರು. ಇಲಿಗೆ ಸಾಲಿನ ಪರಿವೆ ಇದೆಯೇ? ವಿಷ ತಿಂದ ಇಲಿ ಗೂಡಿನ ಮರದ ಕೆಳಗೂ ಬರುತ್ತದೆ ಎಂದು ಹೇಳಿದೆ. ಹೆಗ್ಗಣದಿಂದ ಗ್ರೀನ್ ಹಾಳಾದರೆ ಖರ್ಚು ಯಾರು ಕೊಡುತ್ತಾರೆ ಎಂದು ಕೇಳಿದರು. ಕುಂಟೆ ಹಿಡಿದವರೇ, ನಿಮ್ಮ ಮೈದಾನದಲ್ಲಿ ವಿಷವಿಲ್ಲದೆ ಹೇಗೆ ನಿಭಾಯಿಸುತ್ತೀರಿ?

ಅನ್ನದಾನಿ (ದಾವಣಗೆರೆ)

ಮಾಂಸ ಹಾಕಬಾರದೆಂಬುದನ್ನು ಒಪ್ಪುತ್ತೇನೆ. ಆದರೆ ಮಳೆ ನಾಲ್ಕು ದಿನ ಹಿಡಿದುಕೊಂಡರೆ ಮಿಡತೆಯೂ ಇಲ್ಲ, ಓತಿಕೇತವೂ ಇಲ್ಲ. ಆಗ ಆ ಮರಿಯ ಗತಿ ಏನು ಎಂದು ನನ್ನ ಮನಸ್ಸು ಕೇಳುತ್ತಲೇ ಇರುತ್ತದೆ. ಮೇಡಂ ಹೇಳಿದ ಲಕ್ಷಣಗಳನ್ನು ಯಾರಾದರೂ ದಿನಕ್ಕೊಮ್ಮೆ ನೋಡುತ್ತಾರೆ ಎಂದಾದರೆ ನನಗೆ ಸಮಾಧಾನ.

ಹಸಿರುಹಾಸು (ಬೆಂಗಳೂರು)

ಆ ಹಿರಿಯ ಕ್ಯಾಡಿಯೇ ಒಪ್ಪಿಕೊಂಡಿದ್ದಾರೆ. 1926 ಸಂಖ್ಯೆಯೂ ಅವರ ಮೊಬೈಲಿನಲ್ಲಿದೆ.

ಕುಂಟೆ ಹಿಡಿದವನು (ಬೆಂಗಳೂರು ಗ್ರಾಮಾಂತರ)

ಸರ್, ನಾವು ಬಳಸುವುದು ಕಬ್ಬಿಣದ ಪಂಜರದ ಬೋನು. ಒಣಮೀನಿನ ತುಂಡನ್ನೋ ಎಣ್ಣೆಯಲ್ಲಿ ಕರಿದ ಬೋಂಡಾವನ್ನೋ ಕಟ್ಟುತ್ತೇವೆ. ಮೊದಲ ಎರಡು ಮೂರು ರಾತ್ರಿ ಬಾಗಿಲನ್ನು ಕಟ್ಟಿ ತೆರೆದೇ ಇಡಬೇಕು, ಹೆಗ್ಗಣಕ್ಕೆ ಹೊಸ ವಸ್ತು ಕಂಡರೆ ಅನುಮಾನ. ತಿಂದು ಅಭ್ಯಾಸವಾದ ಮೇಲೆ ಬಾಗಿಲು ಬಿಡಿ. ಬಿಲದ ಬಾಯಿಗೆ ಇಡುವುದಕ್ಕಿಂತ ಗೋಡೆಯ ಬುಡ, ಚರಂಡಿಯ ಅಂಚು ಒಳ್ಳೆಯದು, ಅವು ಓಡಾಡುವುದು ಅಂಚು ಹಿಡಿದೇ. ಕ್ಯಾಂಟೀನಿನ ಹಿಂದಿನ ಕಸದ ಡಬ್ಬಿಗೆ ಭದ್ರವಾದ ಮುಚ್ಚಳ ಹಾಕಿಸಿದ ಮೇಲೆ ನಮ್ಮಲ್ಲಿ ಹೊಸ ಬಿಲಗಳೇ ಕಡಿಮೆಯಾದವು. ಪಂಪ್‌ಹೌಸ್ ಚಾವಣಿಯಲ್ಲಿ ಕಣಜ ಗೂಬೆಯ ಜೋಡಿಯೂ ಇದೆ. ಅದನ್ನು ಯಾರೂ ಓಡಿಸದಂತೆ ನೋಡಿಕೊಂಡಿದ್ದೇವೆ, ರಾತ್ರಿ ಪಾಳಿಯ ಇಲಿ ಕೆಲಸವೆಲ್ಲ ಅದರದೇ.

ನಿಮ್ಮ ಮೈದಾನದ ಮೇಲ್ವಿಚಾರಕರು ಒಪ್ಪಿದರೆ ವಾರದ ರಜೆಯ ದಿನ ನಾನೇ ಬಂದು ಬೋನು ಎಲ್ಲಿಡಬೇಕೆಂದು ತೋರಿಸುತ್ತೇನೆ. ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ಯಾರಾದರೂ ಇರುವಂತೆ ಹೇಳಿ.